ಒಂದು ವರ್ಷ ಕೈ ಬಿಗಿ ಹಿಡಿದೆವು, ಸಾಲ ಮಾತ್ರ ಇದ್ದಲ್ಲೇ ಇದೆ

ಹಿತ್ತಲಬಾಗಿಲು:
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ತಡೆಯಲಾಗಲಿಲ್ಲ, ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ನಮ್ಮದು 20 ವರ್ಷದ ಮನೆ ಸಾಲ. ನಾಲ್ಕನೇ ವರ್ಷ ಮುಗಿಯುತ್ತಾ ಬಂತು. ಹೋದ ವರ್ಷ ನಾನು, ನಮ್ಮ ಯಜಮಾನರು ಕೂತು ಮಾತಾಡಿಕೊಂಡೆವು. ಒಂದು ವರ್ಷ ಕೈ ಬಿಗಿ ಹಿಡಿಯೋಣ, ಮಿಕ್ಕಿದ್ದನ್ನೆಲ್ಲ ಸಾಲಕ್ಕೆ ಕಟ್ಟೋಣ ಅಂತ. ಮಾತಿಗೆ ತಪ್ಪಲಿಲ್ಲ. ಹೊರಗಡೆ ಊಟ ತಿಂಗಳಿಗೆ ಒಂದೇ ಸಲ. ಬಟ್ಟೆ ಹರಿದರೆ ಮಾತ್ರ ಹೊಸದು. ಹಿತ್ತಲಲ್ಲಿ ತರಕಾರಿ ಹಾಕಿದೆವು. ಕಾಲಿಡಲು ಜಾಗ ಇಲ್ಲದ ಸ್ಟೋರ್ ರೂಮು ಖಾಲಿ ಮಾಡಿ ನೀಟಾಗಿ ಜೋಡಿಸಿದೆವು. ನೋಡಿದವರೆಲ್ಲ ಹೊಗಳಿದರು.

ಮೊನ್ನೆ ಸಾಲದ ಸ್ಟೇಟ್‌ಮೆಂಟ್ ತೆಗೆದು ನೋಡಿದೆ. ಬಿಡಿಗಾಸೂ ಜಾಸ್ತಿ ಕಟ್ಟಿಲ್ಲ. ಪ್ರತಿ ತಿಂಗಳು ಅದೇ ಕಂತು, ಅಷ್ಟೇ. ಉಳಿತಾಯ ಖಾತೆಯಲ್ಲೂ ಹೋದ ವರ್ಷ ಎಷ್ಟಿತ್ತೋ ಅಷ್ಟೇ ಇದೆ. ಹಾಗಾದರೆ ಒಂದು ವರ್ಷ ಹೊಟ್ಟೆ ಬಟ್ಟೆ ಕಟ್ಟಿದ್ದು ಎಲ್ಲಿಗೆ ಹೋಯಿತು? "ತೋಟದಲ್ಲೇ ಎಲ್ಲೋ ಹೂತಿಟ್ಟಿದ್ದೀಯ, ಅಗೆದು ನೋಡು" ಎಂದು ಯಜಮಾನರು ನಗುತ್ತಾರೆ. ನನಗೆ ನಗು ಬರುತ್ತಿಲ್ಲ.

ಸಾಲ ತೀರಿಸುತ್ತಾ ಮನೆ, ತೋಟ ನೋಡಿಕೊಳ್ಳುವವರು ಇಲ್ಲಿ ತುಂಬಾ ಜನ ಇದ್ದೀರಿ. ನಾವು ಎಲ್ಲಿ ಎಡವಿದೆವು ಹೇಳಿ.

ಸುಮ್ನೆಓದುವವ:
ನಮ್ಮ ಮನೆ ಕತೆಯೂ ಇದೇ. ಉತ್ತರ ಬರಲಿ ಅಂತ ಕಾಯುತ್ತಿದ್ದೇನೆ.

ಲೆಕ್ಕದಪುಸ್ತಕ:
ಅಕ್ಕ, ಮೊದಲು ಸಾಲದ ಲೆಕ್ಕ ಹೇಳುತ್ತೇನೆ. ಆಮೇಲೆ ನಿಮ್ಮ ಲೆಕ್ಕಕ್ಕೆ ಬರೋಣ.

ಬಡ್ಡಿ ವರ್ಷಕ್ಕೆ 8%, ಅವಧಿ 20 ವರ್ಷ ಎಂದುಕೊಳ್ಳಿ. ನಿಮ್ಮ ಮೊದಲ ಕಂತು 100 ಎಂದಾದರೆ ಅದರಲ್ಲಿ ಸುಮಾರು 80 ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸೇರುವುದು 20. ನಾಲ್ಕನೇ ವರ್ಷದ ಹೊತ್ತಿಗೆ ಆ 20 ಸುಮಾರು 26 ಆಗಿರುತ್ತದೆ. ಅಂದರೆ ಈಗಲೂ ಕಂತಿನ ಮುಕ್ಕಾಲು ಭಾಗ ಬಡ್ಡಿಯೇ. ಅರ್ಧ ಅಸಲು 10ನೇ ವರ್ಷಕ್ಕೆ ತೀರುತ್ತದೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ತೀರುವುದು 13 ವರ್ಷ ದಾಟಿ ಏಳೆಂಟು ತಿಂಗಳಾದ ಮೇಲೆ. 20 ವರ್ಷ ಮುಗಿಯುವಷ್ಟರಲ್ಲಿ ತಗೊಂಡ ಸಾಲದಷ್ಟೇ ಬಡ್ಡಿಯನ್ನೂ ಕಟ್ಟಿರುತ್ತೀರಿ.

ಇದು ಕೇಳಿ ಹೆದರಬೇಡಿ. ಇದರಲ್ಲೇ ಒಂದು ಅನುಕೂಲವೂ ಇದೆ. ಮೊದಲ ವರ್ಷಗಳಲ್ಲಿ ಜಾಸ್ತಿ ಕಟ್ಟಿದ ಚಿಲ್ಲರೆ ದುಡ್ಡು ಕೂಡ ದೊಡ್ಡ ಕೆಲಸ ಮಾಡುತ್ತದೆ. ನಾಲ್ಕನೇ ವರ್ಷದ ಕೊನೆಗೆ ಒಂದೇ ಒಂದು ಕಂತಿನಷ್ಟು ಜಾಸ್ತಿ ಅಸಲಿಗೆ ಹಾಕಿ ನೋಡಿ. ಕೊನೆಯಲ್ಲಿ ಸುಮಾರು ಮೂರೂವರೆ ಕಂತು ಮಾಯ ಆಗುತ್ತದೆ. ಸಾಲ ತಗೊಂಡಾಗಿನಿಂದ ಪ್ರತಿ ವರ್ಷ ಹೀಗೆ ಒಂದು ಕಂತು ಹಾಕುತ್ತಾ ಬಂದರೆ 20 ವರ್ಷದ ಸಾಲ 17 ವರ್ಷದೊಳಗೆ ಮುಗಿಯುತ್ತದೆ. ನಿಮ್ಮ ಬಡ್ಡಿ ಬೇರೆ ಇದ್ದರೆ ಸಂಖ್ಯೆ ಹೆಚ್ಚು ಕಡಿಮೆ ಆಗುತ್ತದೆ, ಲೆಕ್ಕದ ದಾರಿ ಇದೇ.

ಈಗ ನಿಮ್ಮ ವಿಷಯ. ತೋಟಕ್ಕೆ, ಸ್ಟೋರ್ ರೂಮಿಗೆ ಎಷ್ಟು ಖರ್ಚಾಯಿತು? ಬಾಯಿಲೆಕ್ಕ ಬೇಡ. ಖಾತೆಯ ಸ್ಟೇಟ್‌ಮೆಂಟ್ ಇಟ್ಟುಕೊಂಡು ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಮೊತ್ತ ಇಲ್ಲಿ ಹಾಕಬೇಡಿ. ಎಷ್ಟು ಕಂತಿನಷ್ಟು ಆಯಿತು ಅಂತ ಹೇಳಿದರೆ ಸಾಕು.

ಹಿತ್ತಲಬಾಗಿಲು:
ಗುರುತು ಹಾಕಿದೆ. ಹಾಕುತ್ತಾ ಹೋದ ಹಾಗೆ ಮುಖ ಸಣ್ಣ ಆಯಿತು.

ತೋಟಕ್ಕೆ: ರೆಡಿಮೇಡ್ ಮರದ ಮಡಿ ಎರಡು, ಚೀಲದ ಮಣ್ಣು, ಟೈಮರ್ ಇರುವ ಹನಿ ನೀರಾವರಿ ಕಿಟ್, 22 ಪ್ಯಾಕೆಟ್ ಬೀಜ. ಅದರಲ್ಲಿ 9 ಪ್ಯಾಕೆಟ್ ಇನ್ನೂ ಒಡೆದಿಲ್ಲ. ಸ್ಟೋರ್ ರೂಮಿಗೆ: ಒಂದೇ ಅಳತೆಯ, ಒಂದೇ ಬಣ್ಣದ ಮುಚ್ಚಳದ 40 ಪಾರದರ್ಶಕ ಡಬ್ಬಿ. ಲೇಬಲ್ ಅಚ್ಚು ಹಾಕುವ ಒಂದು ಮೆಷಿನ್. ಅದಕ್ಕೆ ಬೇರೆ ಟೇಪು.

ಎಲ್ಲ ಸೇರಿ ಎರಡೂವರೆ ಕಂತು. ಊಟ, ಬಟ್ಟೆಯಲ್ಲಿ ಉಳಿದದ್ದು ಸುಮಾರು ನಾಲ್ಕು ಕಂತು. ಹಾಗಾದರೂ ಒಂದೂವರೆ ಕಂತು ಕೈಯಲ್ಲಿ ಇರಬೇಕಿತ್ತು. ಅದರ ಸುಳಿವೇ ಇಲ್ಲ.

ಲೆಕ್ಕದಪುಸ್ತಕ:
ಆ ಒಂದೂವರೆ ಕಂತು ನೀವು ದಿನ ಖರ್ಚು ಮಾಡುವ ಖಾತೆಯಲ್ಲೇ ಬಿದ್ದಿತ್ತು, ಅಲ್ವಾ? ಹಾಗಿದ್ದರೆ ಅದು ಖರ್ಚಾಗಿ ಹೋಯಿತು. ಖಾತೆಯಲ್ಲಿ ಸ್ವಲ್ಪ ಜಾಸ್ತಿ ಕಂಡರೆ ಕೈ ತಾನಾಗಿ ಸಡಿಲ ಆಗುತ್ತದೆ. ಯಾರದೂ ತಪ್ಪಲ್ಲ. ನೀರು ಇಳಿಜಾರಿಗೆ ಹರಿದ ಹಾಗೆ.

ನಾನು ಮಾಡುವುದು ಇಷ್ಟು. ಬೇರೆ ಒಂದು ಖಾತೆ ಇದೆ. ಅದಕ್ಕೆ ಕಾರ್ಡಿಲ್ಲ, ಫೋನಿನಲ್ಲಿ ಅದರ ಆ್ಯಪ್ ಇಲ್ಲ. ಬೇಡ ಅಂತ ಬಿಟ್ಟ ವಸ್ತುವಿನ ದುಡ್ಡನ್ನು ಅವತ್ತೇ ರಾತ್ರಿ ಆ ಖಾತೆಗೆ ಕಳಿಸುತ್ತೇನೆ. ನಾಳೆ ಅಂದರೆ ಮುಗೀತು. ಮೂರು ತಿಂಗಳಿಗೊಮ್ಮೆ ಅದನ್ನು ಗುಡಿಸಿ ಸಾಲಕ್ಕೆ ಕಟ್ಟುತ್ತೇನೆ. ಸಂಬಳದ ಮರುದಿನ ಒಂದು ಸಣ್ಣ ಮೊತ್ತ ತಾನಾಗಿ ಹೋಗುವ ಹಾಗೂ ಮಾಡಿಟ್ಟಿದ್ದೇನೆ.

ಇದಕ್ಕೂ ಮೊದಲು ಎರಡು ಮಾತು. ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಅದನ್ನು ಮೊದಲು ತೀರಿಸಿ. ಅದರ ಬಡ್ಡಿ ಮುಂದೆ ಮನೆ ಸಾಲದ ಬಡ್ಡಿ ಮಗುವಿನ ಹಾಗೆ. ಇನ್ನೊಂದು, ಕಷ್ಟಕಾಲಕ್ಕೆ ಮೂರರಿಂದ ಆರು ತಿಂಗಳ ಖರ್ಚು ಪಕ್ಕಕ್ಕೆ ಇಟ್ಟಿರಿ. ಸಾಲಕ್ಕೆ ಕಟ್ಟಿದ ದುಡ್ಡನ್ನು ಬೇಕೆಂದಾಗ ವಾಪಸ್ ಕೇಳಲು ಬಹಳ ಕಡೆ ಆಗುವುದಿಲ್ಲ. ನಾನು ಎರಡನೇ ವರ್ಷ ಇದ್ದದ್ದನ್ನೆಲ್ಲ ಕಟ್ಟಿ ಮೀಸೆ ತಿರುವಿದೆ. ಎರಡೇ ತಿಂಗಳಿಗೆ ಕೆಲಸ ಹೋಯಿತು. ಕಂತು ಕಟ್ಟಲು ತಮ್ಮನ ಹತ್ತಿರ ಕೈ ಚಾಚಬೇಕಾಯಿತು. ಅವನು ಏನೂ ಅನ್ನಲಿಲ್ಲ, ಅದೇ ಇನ್ನೂ ಚುಚ್ಚುತ್ತದೆ.

ಸುಮ್ನೆಓದುವವ:
ಒಂದು ದಡ್ಡ ಪ್ರಶ್ನೆ. ಜಾಸ್ತಿ ಕಟ್ಟುವುದು ಅಂದರೆ ಕಂತು ಹೋಗುವ ಖಾತೆಗೆ ಸುಮ್ನೆ ಜಾಸ್ತಿ ದುಡ್ಡು ಹಾಕಿದರೆ ಆಯ್ತಾ?

ಲೆಕ್ಕದಪುಸ್ತಕ:
ಇಲ್ಲ ಸರ್, ದಡ್ಡ ಪ್ರಶ್ನೆಯೇನೂ ಅಲ್ಲ, ಸುಮಾರು ಜನ ಎಡವುವುದು ಅಲ್ಲೇ. ಇದು ಅಸಲಿಗೆ ಕಟ್ಟುತ್ತಿರುವ ದುಡ್ಡು ಎಂದು ಬರಹದಲ್ಲಿ ಹೇಳಬೇಕು. ಇಲ್ಲದಿದ್ದರೆ ಮುಂದಿನ ಕಂತಿನ ಮುಂಗಡ ಎಂದು ಹಿಡಿದುಕೊಳ್ಳುವವರು ಇದ್ದಾರೆ. ಹಾಗಾದರೆ ಬಡ್ಡಿ ಇಳಿಯುವುದಿಲ್ಲ. ಆಮೇಲೆ, ಕಂತು ಇಳಿಸಬೇಕಾ ಅವಧಿ ಇಳಿಸಬೇಕಾ ಎಂದು ಕೇಳುತ್ತಾರೆ. ತಿಂಗಳು ತಳ್ಳುವುದೇ ಕಷ್ಟ ಆಗಿದ್ದರೆ ಕಂತು ಇಳಿಸಿಕೊಳ್ಳಿ. ಬೇಗ ಮುಗಿಸಬೇಕು ಅಂದರೆ ಕಂತು ಹಾಗೇ ಇರಲಿ, ಅವಧಿ ಇಳಿಯಲಿ. ಮುಂಚೆ ಕಟ್ಟಿದರೆ ದಂಡ ಇದೆಯಾ, ಒಂದು ಸಲಕ್ಕೆ ಕನಿಷ್ಠ ಎಷ್ಟು ಕಟ್ಟಬೇಕು, ಎರಡೂ ನಿಮ್ಮ ಸಾಲದ ಒಪ್ಪಂದದಲ್ಲೇ ಇರುತ್ತದೆ. ಕಟ್ಟಿದ ಮೇಲೆ ಹೊಸ ಕಂತುಪಟ್ಟಿ ಕೇಳಿ ತಗೊಳ್ಳಿ. ಕೊನೆಯ ಕಂತಿನ ತಾರೀಖು ಹಿಂದೆ ಬಂದಿದೆಯಾ ನೋಡಿ.

ಅಟ್ಟದಮೇಲೆ:
ಹಿತ್ತಲಬಾಗಿಲು ಅವರೇ, 40 ಡಬ್ಬಿ ಓದಿ ನನ್ನದೇ ಹಳೆ ಫೋಟೋ ನೋಡಿದ ಹಾಗಾಯಿತು.

ಡಬ್ಬಿ ತರುವುದು ಕೊನೆಯ ಕೆಲಸ. ನಾವು ಅದನ್ನೇ ಮೊದಲು ಮಾಡುತ್ತೇವೆ. ಏನಿದೆ, ಎಷ್ಟಿದೆ ಅಂತ ಗೊತ್ತಾಗುವ ಮುಂಚೆ ಡಬ್ಬಿ ತಂದರೆ ಡಬ್ಬಿಯ ಅಳತೆಗೆ ತಕ್ಕ ಹಾಗೆ ಸಾಮಾನು ಉಳಿಸಿಕೊಳ್ಳುತ್ತೇವೆ. ಖಾಲಿ ಡಬ್ಬಿ ಕಂಡರೆ ಏನಾದರೂ ತುಂಬಬೇಕು ಅನಿಸುತ್ತದೆ.

ನಮ್ಮ ಮನೆಯಲ್ಲಿ ಒಂದು ಡ್ರಾಯರ್ ಇತ್ತು. ಅಡುಗೆಮನೆಯಲ್ಲಿ, ಮೇಲಿಂದ ಮೂರನೆಯದು. ಎಳೆದರೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಕೈ ಹಾಕಿ ಒಳಗಿನಿಂದ ಏನನ್ನೋ ಒತ್ತಿದರೆ ಮಾತ್ರ ಪೂರ್ತಿ ತೆರೆಯುತ್ತಿತ್ತು. ಒಂದು ಭಾನುವಾರ ಅದನ್ನು ಕಿತ್ತು ನೆಲದ ಮೇಲೆ ಹಳೆ ಬೆಡ್‌ಶೀಟ್ ಹಾಸಿ ಬಗ್ಗಿಸಿದೆ. ಐದು ಕತ್ತರಿ. ಏಳು ಸೆಲ್ಲೋಟೇಪು, ಅದರಲ್ಲಿ ನಾಲ್ಕರ ತುದಿಯೇ ಸಿಗುವುದಿಲ್ಲ. ಯಾವ ಬೀಗಕ್ಕೂ ಹೊಂದದ 11 ಕೀಲಿ. ಈಗ ಇಲ್ಲದ ಮೂರು ಫೋನಿನ ಚಾರ್ಜರ್. ಹಿಂದಿನ ವಾರವಷ್ಟೇ ನಾನು ಆರನೇ ಕತ್ತರಿ ತಂದಿದ್ದೆ, ಮನೆಯಲ್ಲಿ ಕತ್ತರಿಯೇ ಇಲ್ಲ ಅಂತ! ಒಳಗಿನಿಂದ ಅಡ್ಡ ನಿಲ್ಲುತ್ತಿದ್ದದ್ದೂ ಒಂದು ಕತ್ತರಿಯೇ.

ಅವತ್ತಿನಿಂದ ಹೊಸದು ತರುವ ಮುಂಚೆ ಮನೆಯಲ್ಲಿ ಹುಡುಕುವುದು. ಹುಡುಕಲು ಬರಬೇಕು ಅಂದರೆ ಒಂದೇ ಜಾತಿಯ ಸಾಮಾನು ಒಂದೇ ಕಡೆ ಇರಬೇಕು. ಕತ್ತರಿ ಎಲ್ಲ ಒಂದು ಕಡೆ, ಟೇಪು ಎಲ್ಲ ಒಂದು ಕಡೆ. ಡ್ರಾಯರ್ ಒಳಗೆ ಭಾಗ ಮಾಡಲು ಚಪ್ಪಲಿ ಡಬ್ಬದ ಮುಚ್ಚಳ, ಫೋನು ಬಂದ ಗಟ್ಟಿ ಪೆಟ್ಟಿಗೆ ಸಾಕು. ಲೇಬಲ್‌ಗೆ ಪೇಂಟ್ ಮಾಡುವವರ ಕಾಗದದ ಟೇಪು, ಮೇಲೆ ಪೆನ್ಸಿಲ್. ಬೇಡ ಅಂದರೆ ಕಿತ್ತರೆ ಅಂಟು ಉಳಿಯುವುದಿಲ್ಲ. ಅಡುಗೆ ಸಾಮಾನಿನ ಕಪಾಟಿನಲ್ಲಿ ಹಳೆಯದು ಮುಂದೆ, ಹೊಸದು ಹಿಂದೆ. ಅಷ್ಟು ಮಾಡಿದ್ದಕ್ಕೇ ಹುಳ ಬಿದ್ದು ಎಸೆಯುವುದು ನಮ್ಮಲ್ಲಿ ಹೆಚ್ಚುಕಮ್ಮಿ ನಿಂತೇ ಹೋಯಿತು.

ಇನ್ನೊಂದು ಯೋಚನೆ ಬರುತ್ತಿರುತ್ತದೆ. ನಮ್ಮ ಸ್ಟೋರ್ ರೂಮು ಮನೆಯ ಹನ್ನೆರಡನೇ ಒಂದು ಭಾಗ. ಅಂದರೆ ವರ್ಷಕ್ಕೆ ಒಂದು ಕಂತು ಆ ಕೋಣೆಗೇ ಕಟ್ಟುತ್ತಿದ್ದೇನೆ. ಮುರಿದ ಫ್ಯಾನ್ ಇಟ್ಟುಕೊಳ್ಳಲು ಬಡ್ಡಿ ಕಟ್ಟುವುದಾ?

ತಿರುಪುಮೊಳೆ:
ಅಟ್ಟದಮೇಲೆ ಅವರ ಮಾತು ಪೂರ್ತಿ ಒಪ್ಪಲಾರೆ. ಆ ಮುರಿದ ಫ್ಯಾನಿನ ತಿರುಪು, ಕೆಪಾಸಿಟರ್, ವೈರು ನನಗೆ ಎಷ್ಟೋ ಸಲ ಕೈ ಹಿಡಿದಿದೆ. ಖಾಲಿ ಖಾಲಿ ಮನೆ ಫೋಟೋಗೆ ಚೆಂದ. ಅಲ್ಲಿರುವವರು ಒಂದು ಮೊಳೆಗೂ ಅಂಗಡಿಗೆ ಓಡುತ್ತಾರೆ. ಕಡಿಮೆ ಖರ್ಚಿನಲ್ಲಿ ಬದುಕುವವರ ಮನೆಯಲ್ಲಿ ಒಂದಷ್ಟು ಹಳೆ ಸಾಮಾನು ಇರಲೇಬೇಕು.

ಅಟ್ಟದಮೇಲೆ:
ಸರ್, ನೀವು ರಿಪೇರಿ ಮಾಡುತ್ತೀರಿ. ನಾನು ಮಾಡುವುದಿಲ್ಲ. ಮಾಡುತ್ತೇನೆ ಅಂತ ಎಂಟು ವರ್ಷ ಅಂದುಕೊಂಡೆ, ಅಷ್ಟೇ. ಅಂದಹಾಗೆ ಕಳೆದ ವರ್ಷ ನೀವು ಎಷ್ಟು ಬಿಡಿಭಾಗ ಬಳಸಿದಿರಿ? ನಿಜ ಹೇಳಿ.

ತಿರುಪುಮೊಳೆ:
ಎಣಿಸಿದೆ. ಆರು. ಇರುವುದು ಮೂರು ಗೋಣಿಚೀಲ.

ಸರಿ, ನಿಮ್ಮ ಮಾತಿನಲ್ಲೂ ಅರ್ಥ ಇದೆ. ಹೋದ ತಿಂಗಳು ಒಂದು ವಾಷರ್ ಇದೆ ಅಂತ ಗೊತ್ತಿದ್ದೂ ಸಿಗದೆ ಹೊಸದು ತಂದೆ. ಇದ್ದೂ ಇಲ್ಲದ ಹಾಗೆ. ಈ ವಾರ ಫ್ಯಾನು, ಮಿಕ್ಸಿ ಎಲ್ಲ ಬಿಚ್ಚಿ, ತಿರುಪು ವಾಷರ್‌ಗಳನ್ನು ಗಾಜಿನ ಬಾಟಲಿಗೆ ಹಾಕಿ, ಹೊರಗಿನ ಕವಚ ಎಲ್ಲ ಗುಜರಿಗೆ ಕೊಡುತ್ತೇನೆ. ಬಾಟಲಿಯ ಮುಚ್ಚಳವನ್ನು ಶೆಲ್ಫಿನ ಕೆಳಮೈಗೆ ತಿರುಪು ಹಾಕಿ ಕೂರಿಸಿದರೆ ಬಾಟಲಿ ನೇತಾಡುತ್ತದೆ, ಜಾಗವೂ ಉಳಿಯುತ್ತದೆ, ಒಳಗಿನದೂ ಕಾಣುತ್ತದೆ. ಒಂದು ಮುಚ್ಚಳಕ್ಕೆ ಎರಡು ತಿರುಪು ಹಾಕಿ. ಒಂದೇ ಹಾಕಿದರೆ ಬಾಟಲಿ ತಿರುಗಿಸುವಾಗ ಮುಚ್ಚಳವೂ ಜೊತೆಗೆ ತಿರುಗುತ್ತದೆ.

ಅಟ್ಟದಮೇಲೆ:
ಬಾಟಲಿ ಐಡಿಯಾ ನನಗೆ. 😀 ನಿರ್ಧಾರಕ್ಕೆ ಬಾರದ ಸಾಮಾನಿಗೆ ನಾನು ಒಂದು ರಟ್ಟಿನ ಪೆಟ್ಟಿಗೆ ಇಟ್ಟಿದ್ದೇನೆ. ಮೇಲೆ ತಾರೀಖು ಬರೆದು ಅಂಟು ಹಾಕುತ್ತೇನೆ. ಆರು ತಿಂಗಳು ತೆರೆಯದಿದ್ದರೆ ಒಳಗೆ ಇಣುಕದೆ ಕೊಟ್ಟುಬಿಡುವುದು. ಇಣುಕಿದರೆ ಸೋತ ಹಾಗೆ. ಕಾಗದಪತ್ರ ಮಾತ್ರ ಆ ಪೆಟ್ಟಿಗೆಗೆ ಬೇಡ. ಸಾಲದ ಒಪ್ಪಂದ, ಒತ್ತೆ ಇಟ್ಟ ಮೂಲ ದಾಖಲೆಗಳ ಪಟ್ಟಿ, ಜಾಸ್ತಿ ಕಟ್ಟಿದ ಪ್ರತಿಯೊಂದಕ್ಕೂ ರಸೀದಿ, ಎಲ್ಲ ಒಂದೇ ಫೈಲಿನಲ್ಲಿರಲಿ. ಸಾಲ ಮುಗಿದ ದಿನ ಆ ಪಟ್ಟಿ ಹಿಡಿದುಕೊಂಡೇ ಮೂಲ ದಾಖಲೆ ವಾಪಸ್ ಕೇಳಬೇಕು.

ಮಣ್ಣುಮೆತ್ತಿದಕೈ:
ಎಲ್ಲರೂ ತೋಟ ಮರೆತುಬಿಟ್ಟಿರಿ. ನನ್ನ ಸರದಿ.

ಅಕ್ಕ, ಮೊದಲ ವರ್ಷ ತೋಟದಿಂದ ಲಾಭ ಬರುವುದು ಕಡಿಮೆ. ಖರ್ಚು ಮಾಡದೆ ಶುರು ಮಾಡಿದರೆ ನಷ್ಟವೂ ಇಲ್ಲ. 20 ಲೀಟರ್ ಬಕೆಟ್ ಸಾಕು, ಅಡುಗೆ ಪದಾರ್ಥ ತುಂಬಿ ಬಂದದ್ದು. ತಳದಲ್ಲಿ ಅಂಕಿ ನೋಡಿ, ತ್ರಿಕೋನದೊಳಗೆ 2 ಅಥವಾ 5 ಇದ್ದರೆ ಒಳ್ಳೆಯದು. ಪೇಂಟು, ರಾಸಾಯನಿಕ ಬಂದ ಬಕೆಟ್ ಬೇಡ. ಸರಕು ಸಾಗಿಸುವ ಮರದ ಹಲಗೆ ಸಿಕ್ಕಿದರೆ ಅಚ್ಚು ನೋಡಿ. ಎಚ್‌ಟಿ ಅಂದರೆ ಬಿಸಿ ಮಾಡಿದ್ದು, ಬಳಸಬಹುದು. ಎಂಬಿ ಅಂದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಮುಟ್ಟಬೇಡಿ.

ಬಕೆಟ್ ತಳಕ್ಕೆ ಐದಾರು ತೂತು ಮಾಡಿ. ಕೆಳಗೆ ಜಲ್ಲಿ ಹಾಕಬೇಕು ಎಂದು ಎಲ್ಲರೂ ಹೇಳುತ್ತಾರೆ. ಬೇಕಿಲ್ಲ. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಜಲ್ಲಿಗೆ ನೀರು ಸುಲಭಕ್ಕೆ ಇಳಿಯುವುದಿಲ್ಲ, ಜಲ್ಲಿಯ ಮೇಲೆ ಮಣ್ಣಿನಲ್ಲೇ ನಿಲ್ಲುತ್ತದೆ. ಅಂದರೆ ಕೊಳೆಯುವ ಜಾಗ ಬೇರಿಗೆ ಇನ್ನೂ ಹತ್ತಿರ ಬಂದ ಹಾಗಾಯಿತು. ಮಣ್ಣು ತೂತಿನಿಂದ ಜಾರದ ಹಾಗೆ ಒಂದು ಹಳೆ ಬಟ್ಟೆ ತುಂಡು ಸಾಕು.

ಗೊಬ್ಬರ ಮನೆಯಲ್ಲೇ ಆಗುತ್ತದೆ. ಒಂದು ಪಾಲು ಹಸಿ ಸಿಪ್ಪೆಗೆ ಎರಡು ಮೂರು ಪಾಲು ಒಣ ಎಲೆ ಅಥವಾ ಹರಿದ ರಟ್ಟು. ನಾತ ಬಂದರೆ ಹಸಿ ಜಾಸ್ತಿ ಆಗಿದೆ ಅಂತ ಅರ್ಥ, ಒಣ ಎಲೆ ಹಾಕಿ ತಿರುವಿ. ಏನೂ ಆಗದೆ ಹಾಗೇ ಕೂತಿದ್ದರೆ ಒಣಗಿದೆ, ನೀರು ಚಿಮುಕಿಸಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಇರಬೇಕು.

ಬಿಟ್ಟಿ ಗೊಬ್ಬರ ಸಿಕ್ಕಿದರೆ ಒಂದು ಎಚ್ಚರ. ಎರಡು ವರ್ಷದ ಹಿಂದೆ ಒಬ್ಬರು ಒಂದು ಲೋಡ್ ಕೊಟ್ಟಿಗೆ ಗೊಬ್ಬರ ಹಾಗೇ ಕೊಟ್ಟರು. ಖುಷಿಯಲ್ಲಿ ಎಲ್ಲ ಮಡಿಗೂ ಹಾಕಿದೆ. ಟೊಮೆಟೊ ಎಲೆ ಎಲ್ಲ ಬಟ್ಟಲಿನ ಹಾಗೆ ಮುದುಡಿ, ತುದಿ ಜರೀಗಿಡದ ಹಾಗೆ ಸುರುಳಿ ಸುತ್ತಿಕೊಂಡಿತು. ರೋಗ ಅಂದುಕೊಂಡು ಏನೇನೋ ಸಿಂಪಡಿಸಿದೆ. ಆಮೇಲೆ ಗೊತ್ತಾಯಿತು, ದನ ತಿಂದ ಹುಲ್ಲಿಗೆ ಕಳೆನಾಶಕ ಹೊಡೆದಿದ್ದರು. ಕೆಲವು ಕಳೆನಾಶಕ ದನದ ಹೊಟ್ಟೆ ದಾಟಿ, ಗೊಬ್ಬರ ದಾಟಿ ಮಣ್ಣಿಗೆ ಬರುತ್ತದೆ. ಒಂದು ವರ್ಷ ಹೋಯಿತು. ಈಗ ಯಾವ ಗೊಬ್ಬರ ಬಂದರೂ ಮೊದಲು ಎರಡು ಕುಂಡದಲ್ಲಿ ಬೀನ್ಸ್ ಬೀಜ ಹಾಕುತ್ತೇನೆ. ಒಂದಕ್ಕೆ ಹೊಸ ಗೊಬ್ಬರ, ಇನ್ನೊಂದಕ್ಕೆ ನಮ್ಮದು. ಮೂರು ವಾರ ನೋಡುವುದು. ಎಲೆ ಮುದುಡಿದರೆ ಆ ಗೊಬ್ಬರ ತೋಟದ ಹತ್ತಿರವೂ ಬೇಡ.

ಒಡೆಯದ 9 ಪ್ಯಾಕೆಟ್ ಬೀಜ ಎಸೆಯಬೇಡಿ. ಈರುಳ್ಳಿ ಬೀಜ ಒಂದೆರಡು ವರ್ಷಕ್ಕೆ ಸತ್ತು ಹೋಗುತ್ತದೆ, ಟೊಮೆಟೊ ನಾಲ್ಕೈದು ವರ್ಷ ಬರುತ್ತದೆ. ಅನುಮಾನ ಇದ್ದರೆ 10 ಬೀಜ ಒದ್ದೆ ಕಾಗದದಲ್ಲಿ ಸುತ್ತಿ ಮುಚ್ಚಿಡಿ. ಐದಾರು ಮೊಳೆತರೆ ಸ್ವಲ್ಪ ಒತ್ತಾಗಿ ಬಿತ್ತಿ. ಮುಂದಿನ ವರ್ಷಕ್ಕೆ ಬೀಜ ಕೊಳ್ಳುವುದೇ ಬೇಡ ಅಂದರೆ ಬೀನ್ಸ್, ಟೊಮೆಟೊದಿಂದ ಶುರು ಮಾಡಿ. ಅವು ಬಹುತೇಕ ತಮ್ಮ ಪರಾಗದಲ್ಲೇ ಕಾಯಿ ಕಟ್ಟುತ್ತವೆ, ಜಾತಿ ಕೆಡುವುದು ಕಡಿಮೆ. ಕುಂಬಳ ಹಾಗಲ್ಲ. ಜೇನು ಪಕ್ಕದ ಮನೆಯ ಬಳ್ಳಿಗೂ ಹೋಗಿ ಬರುತ್ತದೆ, ಮುಂದಿನ ವರ್ಷ ಏನು ಬರುತ್ತದೋ ಹೇಳಲಾಗದು. ಪ್ಯಾಕೆಟ್ ಮೇಲೆ ಎಫ್1 ಅಂತಿದ್ದರೆ ಅದರ ಬೀಜ ಎತ್ತಿಟ್ಟರೆ ಅದೇ ಗುಣದ ಗಿಡ ಬರುವುದಿಲ್ಲ.

ಹಿತ್ತಲಬಾಗಿಲು:
ಮಣ್ಣುಮೆತ್ತಿದಕೈ ಅವರೇ, ಟೊಮೆಟೊ ಅಂದಿರಲ್ಲ, ನಮ್ಮದರ ತಳ ಎಲ್ಲ ಕಪ್ಪಗಾಗಿ ಚರ್ಮದ ಹಾಗೆ ಒಣಗಿತ್ತು. ಸುಣ್ಣದ ಅಂಶ ಕಡಿಮೆ ಅಂತ ಯಾರೋ ಹೇಳಿದರು. ಮೊಟ್ಟೆ ಸಿಪ್ಪೆ ಪುಡಿ ಹಾಕಿದೆ, ಆಮೇಲೆ ಒಂದು ದುಬಾರಿ ಸ್ಪ್ರೇ ಕೂಡ ತಂದೆ. ಏನೂ ಆಗಲಿಲ್ಲ.

ಮಣ್ಣುಮೆತ್ತಿದಕೈ:
ಕಾಯಿಗೆ ಕ್ಯಾಲ್ಸಿಯಂ ಸಿಗದೆ ಹಾಗಾಗುವುದು ನಿಜ. ಆದರೆ ಮಣ್ಣಿನಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದು ನೀರಿನ ಜೊತೆ ಮೇಲೇರಬೇಕು. ಎರಡು ದಿನ ಒಣಗಿಸಿ ಮೂರನೇ ದಿನ ತುಂಬ ನೀರು ಹಾಕಿದರೆ ಕಾಯಿಯ ತುದಿಗೆ ತಲುಪುವುದೇ ಇಲ್ಲ. ನಿಮ್ಮ ಟೈಮರ್ ಎಷ್ಟು ದಿನಕ್ಕೊಮ್ಮೆ ಇಟ್ಟಿದ್ದಿರಿ?

ಹಿತ್ತಲಬಾಗಿಲು:
ಮೂರು ದಿನಕ್ಕೊಮ್ಮೆ. 🤦

ಮಣ್ಣುಮೆತ್ತಿದಕೈ:
ಆಯ್ತು, ಸಿಕ್ಕಿತಲ್ಲ. ಬೆರಳು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಚುಚ್ಚಿ. ಒಣಗಿದ್ದರೆ ನೀರು, ತೇವ ಇದ್ದರೆ ಸುಮ್ನಿರಿ. ಮೇಲೆ ಒಣ ಎಲೆ ಎರಡು ಇಂಚು ಹೊದಿಸಿ. ಮೊಟ್ಟೆ ಸಿಪ್ಪೆ ಕರಗಲು ತಿಂಗಳುಗಟ್ಟಲೆ ಬೇಕು, ಈ ಬೆಳೆಗೆ ಸಿಗುವುದಿಲ್ಲ. ಗೊಬ್ಬರದ ಗುಂಡಿಗೆ ಹಾಕಿ, ನಷ್ಟ ಇಲ್ಲ.

ಮೂರನೇಮಹಡಿ:
ನಮಗೆ ಹಿತ್ತಲಿಲ್ಲ, ಬಾಲ್ಕನಿ ಅಷ್ಟೇ. ಬಿಸಿಲು ದಿನಕ್ಕೆ ನಾಲ್ಕು ಗಂಟೆ ಬಂದರೆ ಹೆಚ್ಚು. ನಾವೂ ಸಾಲದಲ್ಲೇ ಇದ್ದೇವೆ. ನಮಗೆ ತೋಟ ಬೇಕಾ, ಬೇಡವಾ?

ಮಣ್ಣುಮೆತ್ತಿದಕೈ:
ಬೇಕು. ಆದರೆ ಕಾಯಿ ಬಿಡುವ ಗಿಡಕ್ಕೆ ಆರರಿಂದ ಎಂಟು ಗಂಟೆ ಬಿಸಿಲು ಬೇಕು, ಅದರ ಆಸೆ ಬಿಡಿ. ಸೊಪ್ಪು, ಪುದೀನ, ಈರುಳ್ಳಿ ಹೂವು ನಿಮ್ಮ ನಾಲ್ಕು ಗಂಟೆಗೆ ಬರುತ್ತದೆ. ಉಳಿತಾಯ ಆಗುವುದೂ ಅಲ್ಲೇ. ಒಂದು ಚಿಟಿಕೆ ಬೇಕು ಅಂತ ಒಂದು ಕಟ್ಟು ತಂದು, ಮಿಕ್ಕಿದ್ದು ಫ್ರಿಜ್‌ನಲ್ಲಿ ಕಪ್ಪಗಾಗಿ ಎಸೆಯುತ್ತೇವಲ್ಲ, ಆ ತರಹದ್ದು ಬೆಳೆಯಿರಿ. ಪುದೀನ ಮಾತ್ರ ಒಂಟಿ ಕುಂಡದಲ್ಲಿ. ಜೊತೆಗೆ ಏನು ಹಾಕಿದರೂ ತಿಂದು ಹಾಕುತ್ತದೆ.

ಭಾರ ನೋಡಿಕೊಳ್ಳಿ. ತೋಟದ ಮಣ್ಣು ನೆನೆದರೆ 20 ಲೀಟರ್ ಬಕೆಟ್ ಒಂದಕ್ಕೆ 30 ಕೆಜಿ ಆಗುತ್ತದೆ. ಹತ್ತು ಬಕೆಟ್ ಇಟ್ಟರೆ 300 ಕೆಜಿ. ಬಾಲ್ಕನಿ ತುದಿಗೆ ಬೇಡ, ಗೋಡೆ ಪಕ್ಕಕ್ಕೆ ಇಡಿ. ತೆಂಗಿನ ನಾರಿನ ಪುಡಿ ಬೆರೆಸಿದರೆ ಹಗುರ ಆಗುತ್ತದೆ. ಜಾಸ್ತಿ ಇಡುವ ಆಸೆ ಇದ್ದರೆ ಕಟ್ಟಡ ಗೊತ್ತಿರುವ ಎಂಜಿನಿಯರ್ ಒಬ್ಬರನ್ನು ಕೇಳಿ.

ಲೆಕ್ಕದಪುಸ್ತಕ:
ತೋಟದವರಿಗೆ ನನ್ನದೊಂದು ಕೊಂಕು. ಬೆಳೆದದ್ದನ್ನೆಲ್ಲ ತೂಕ ಹಾಕಿ ಇಷ್ಟು ಉಳಿಸಿದೆ ಅನ್ನುತ್ತೀರಿ. ನಮ್ಮ ಮನೆಯಲ್ಲಿ ಒಂದು ವಾರದಲ್ಲಿ 14 ಕುಂಬಳಕಾಯಿ ಬಂತು. ಪುಸ್ತಕದಲ್ಲಿ ಅಷ್ಟೂ ಉಳಿತಾಯ ಅಂತ ಬರೆದೆ. ನಿಜವಾಗಿ ಆ ವಾರ ಅಂಗಡಿಯಲ್ಲಿ ನಾನು ಕುಂಬಳ ಕೊಳ್ಳುತ್ತಿದ್ದದ್ದು ಒಂದು, ಅದೂ ಅನುಮಾನ. 13 ಹಂಚಿದೆ. ಹಂಚಿದ್ದು ಖುಷಿ, ಸಾಲಕ್ಕೆ ಸೇರಿದ್ದು ಸೊನ್ನೆ. ಈಗ ಕೊಳ್ಳಬೇಕಾಗಿದ್ದನ್ನು ಮಾತ್ರ ಬರೆಯುತ್ತೇನೆ. ಬರೆದಷ್ಟನ್ನು ಅವತ್ತೇ ಆ ಇನ್ನೊಂದು ಖಾತೆಗೆ ಹಾಕುತ್ತೇನೆ.

ಮಣ್ಣುಮೆತ್ತಿದಕೈ:
ಈ ಕೊಂಕು ಒಪ್ಪಿದೆ. ಆದರೆ ಭಾನುವಾರ ಸಂಜೆ ನಾನು ತೋಟದಲ್ಲಿ ಇರುವುದರಿಂದ ಮಾಲ್‌ಗೆ ಹೋಗುವುದಿಲ್ಲ, ಅದನ್ನು ಯಾವ ಕಾಲಂನಲ್ಲಿ ಬರೆಯುತ್ತೀರಿ?

ಲೆಕ್ಕದಪುಸ್ತಕ:
ಅದಕ್ಕೆ ಕಾಲಂ ಇಲ್ಲ ಸರ್. ಸೋತೆ.

ಸುಮ್ನೆಓದುವವ:
ಸಾಲ ಯಾಕೆ ಬೇಗ ತೀರಿಸಬೇಕು, ಅದೇ ದುಡ್ಡು ಬೇರೆ ಕಡೆ ಹೂಡಿದರೆ ಜಾಸ್ತಿ ಬರುತ್ತದೆ ಅನ್ನುತ್ತಾರಲ್ಲ ಕೆಲವರು?

ಲೆಕ್ಕದಪುಸ್ತಕ:
ಬರಬಹುದು, ಬರದೆಯೂ ಇರಬಹುದು. ಸಾಲಕ್ಕೆ ಕಟ್ಟಿದರೆ ಬಡ್ಡಿ ಉಳಿಯುವುದು ಗ್ಯಾರಂಟಿ. ತೆರಿಗೆ ವಿನಾಯಿತಿ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ನನಗೆ ರಾತ್ರಿ ನಿದ್ದೆ ಬರುವುದು ಮುಖ್ಯ, ಹಾಗಾಗಿ ಸಾಲಕ್ಕೇ. ಈ ಜಗಳಕ್ಕೆ ಬೇರೆ ಎಳೆ ಶುರು ಮಾಡೋಣ, ಇಲ್ಲಿ ಅಕ್ಕನ ಡಬ್ಬಿ ಮುಗಿಯಲಿ.

ಹಿತ್ತಲಬಾಗಿಲು (ನಾಲ್ಕು ತಿಂಗಳ ನಂತರ):
ಮತ್ತೆ ಬಂದೆ. ಏನಾಯಿತು ಅಂತ ಕೆಲವರು ಕೇಳಿದ್ದಿರಿ.

40 ಡಬ್ಬಿಯಲ್ಲಿ 31 ಮಾರಿದೆ. ಲೇಬಲ್ ಮೆಷಿನ್, ಟೈಮರ್ ಕಿಟ್ ಕೂಡ. ಅರ್ಧ ಬೆಲೆಯೂ ಬರಲಿಲ್ಲ, ಬಂದಷ್ಟು ಬಂತು. ಸ್ಟೋರ್ ರೂಮಿನಲ್ಲಿ ಈಗ ಒಂದೇ ಕಡೆ ಗೋಡೆಗೆ ಶೆಲ್ಫ್. ಇನ್ನೊಂದು ಕಡೆ ಖಾಲಿ ಬಿದ್ದಿತ್ತು, ಮಗಳು ಅಲ್ಲಿ ಓದುವ ಮೇಜು ಹಾಕಿಕೊಂಡಳು. ಅವಳಿಗೆ ಒಂದು ಕೋಣೆ ಸಾಲದು, ದೊಡ್ಡ ಮನೆ ನೋಡಬೇಕು ಎಂದು ಯಜಮಾನರು ಎರಡು ವರ್ಷದಿಂದ ಹೇಳುತ್ತಿದ್ದರು. ಆ ಮಾತು ಈಗ ನಿಂತಿದೆ.

ಬೇರೆ ಖಾತೆ ತೆರೆದೆವು, ಆ್ಯಪ್ ಹಾಕಿಕೊಂಡಿಲ್ಲ. ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪ್ ತೆಗೆದು ಅವತ್ತಿನದನ್ನು ಕಳಿಸುತ್ತೇವೆ. ಮೊದಲೆರಡು ವಾರ ನಗು ಬರುತ್ತಿತ್ತು, ಅಷ್ಟು ಚಿಲ್ಲರೆ. ಮಾರಿದ್ದು, ಉಳಿಸಿದ್ದು ಸೇರಿ ಹೋದ ತಿಂಗಳಿಗೆ ಒಂದು ಕಂತಿನಷ್ಟು ಆಯಿತು. ಕಟ್ಟಿದೆವು. ಲೆಕ್ಕದಪುಸ್ತಕ ಅವರು ಹೇಳಿದ ಹಾಗೇ ಆಯಿತು, ಅದನ್ನು ಮುಂದಿನ ಕಂತಿನ ಮುಂಗಡ ಅಂತ ಬರೆದುಕೊಂಡಿದ್ದರು. ಇಲ್ಲಿ ಓದಿರದಿದ್ದರೆ ನೋಡುತ್ತಲೂ ಇರಲಿಲ್ಲ. ಎರಡು ಸಲ ಬರೆದು ಸರಿ ಮಾಡಿಸಿದೆ. ಹೊಸ ಕಂತುಪಟ್ಟಿ ಬಂದಿದೆ. ಕೊನೆಯ ಕಂತು ಮೂರು ತಿಂಗಳು ಹಿಂದೆ ಬಂತು. ಅದರ ಪ್ರಿಂಟು ತೆಗೆದು ಆ ಖಾಲಿ ಗೋಡೆಗೆ ಕಾಗದದ ಟೇಪಿನಲ್ಲಿ ಅಂಟಿಸಿದ್ದೇನೆ.

ಟೊಮೆಟೊ ತಳ ಈ ಸಲ ಕೆಂಪಗಿದೆ. ಬೀನ್ಸ್ ಬಳ್ಳಿಯಲ್ಲಿ ಕೊನೆಯ ಕಾಯಿಗಳನ್ನು ಒಣಗಲು ಬಿಟ್ಟಿದ್ದೆ, ಒಂದು ಬಾಟಲಿ ಬೀಜ ಆಯಿತು. ನಮಗೆ ಅಷ್ಟು ಬೇಡ. ಬೇಕಾದವರು ಹೇಳಿ, ಕವರಿನಲ್ಲಿ ಹಾಕಿ ಕಳಿಸುತ್ತೇನೆ.

ಮೂರನೇಮಹಡಿ:
ಅಕ್ಕ, ನನಗೆ ಹತ್ತು ಕಾಳು ಸಾಕು. ಬಿಸಿಲು ಸಾಲದು ಅಂತ ಗೊತ್ತು, ಮಣ್ಣುಮೆತ್ತಿದಕೈ ಅವರು ಬೈಯಬಾರದು.

ಮಣ್ಣುಮೆತ್ತಿದಕೈ:
ಬೈಯುವುದಿಲ್ಲ. ಬಾಲ್ಕನಿಯಲ್ಲಿ ಬಿಸಿಲು ಮೊದಲು ಬೀಳುವ ಮೂಲೆಗೆ ಕುಂಡ ಇಡಿ, ಕಂಬಿಗೆ ಹಬ್ಬಿಸಿ. ಐದು ಹಾಕಿ, ಐದು ಎತ್ತಿಡಿ.